ಕಸುವು, ದಮ್ಮು ಮತ್ತು ವಸ್ತಾದ

ಹುಕ್ಕೇರಿ, ಗೋಕಾಕ, ಮೂಡಲಗಿ ಸೀಮೆಯಲ್ಲಿ ಊರ ಜಾತ್ರೆಯ ಹ್ಯಾಂಡ್‌ಬಿಲ್ ಅಚ್ಚಾಯಿತೆಂದರೆ ಪಲ್ಲಕ್ಕಿ, ಡೊಳ್ಳಿನ ಪದ, ಮಹಾಪ್ರಸಾದದ ಸಾಲುಗಳ ಕೆಳಗೆ ದಪ್ಪಕ್ಷರದಲ್ಲಿ ಇನ್ನೊಂದು ಸಾಲು ಇರುತ್ತದೆ: ಜಂಗೀ ನಿಕಾಲಿ ಕುಸ್ತಿಗಳು. ಇಲ್ಲಿ ಪಾಯಿಂಟಿನ ಲೆಕ್ಕ ನಡೆಯುವುದಿಲ್ಲ. ಒಬ್ಬನನ್ನು ಇನ್ನೊಬ್ಬ ಚಿತ್ ಮಾಡಬೇಕು, ಅಷ್ಟೇ. ಅದು ಅರ್ಧ ನಿಮಿಷಕ್ಕೂ ಮುಗಿಯಬಹುದು, ಅರ್ಧ ತಾಸಿಗೂ ಎಳೆಯಬಹುದು.

ಕಣದ ಸುತ್ತ ಕುಳಿತ ಹಿರಿಯರ ಕಣ್ಣು ಪೈಲವಾನರ ತೋಳಿನ ಮೇಲೆ ಬಹಳ ಹೊತ್ತು ನಿಲ್ಲುವುದಿಲ್ಲ. ಅವರು ನೋಡುವುದು ಬಾಯಿಯನ್ನು. ಎದೆ, ತೊಡೆ ಎಲ್ಲ ತುಂಬಿಕೊಂಡ ಪೈಲವಾನ ಮೊದಲ ಎರಡು ನಿಮಿಷ ಎದುರಿನ ಸಪೂರ ಹುಡುಗನನ್ನು ಎಳೆದಾಡುತ್ತಾನೆ, ಒಂದೆರಡು ಸಲ ಎತ್ತಿಯೂ ಬಿಡುತ್ತಾನೆ. ಐದನೆಯ ನಿಮಿಷಕ್ಕೆ ಅವನ ಬಾಯಿ ತೆರೆಯುತ್ತದೆ, ಕೈ ಮಂಡಿಯ ಮೇಲೆ ಬರುತ್ತದೆ. "ದಮ್ಮ ಹೋತು" ಎನ್ನುತ್ತಾರೆ ಹಿರಿಯರು. ಅಲ್ಲಿಂದ ಮುಂದೆ ಕುಸ್ತಿ ಯಾರದೆಂದು ಕೇಳಬೇಕಾಗಿಲ್ಲ.

ಅವನ ಕಸುವು ಎಲ್ಲಿಗೂ ಹೋಗಿರುವುದಿಲ್ಲ. ಸ್ನಾಯುಗಳು ಇದ್ದಲ್ಲೇ ಇವೆ. ಆದರೆ ಒಂದು ಜೋರಾದ ಎಳೆತಕ್ಕೆ ಬೇಕಾದ ಇಂಧನ ಸ್ನಾಯುವಿನೊಳಗೆ ಕ್ರಿಯಾಟಿನ್ ಫಾಸ್ಫೇಟ್ ರೂಪದಲ್ಲಿ ಕೂಡಿಟ್ಟದ್ದು. ಪೂರ್ಣ ಬಲ ಹಾಕಿದರೆ ಹತ್ತು ಸೆಕೆಂಡಿನ ಆಚೀಚೆ ಬರಿದಾಗುತ್ತದೆ. ಆಮೇಲೆ ಆಮ್ಲಜನಕವಿಲ್ಲದೆ ಸಕ್ಕರೆ ಒಡೆಯುವ ದಾರಿ ಒಂದೆರಡು ನಿಮಿಷ ಕೈ ಹಿಡಿಯುತ್ತದೆ. ಖಾಲಿಯಾದ ದಾಸ್ತಾನು ಮತ್ತೆ ತುಂಬಬೇಕೆಂದರೆ ಆಮ್ಲಜನಕ ಬೇಕು, ಅದನ್ನು ತಂದುಕೊಡುವ ಹೃದಯ ಬೇಕು, ಬಳಸಿಕೊಳ್ಳುವ ಮೈಟೋಕಾಂಡ್ರಿಯಾ ಬೇಕು. ಎರಡನೆಯ ಸಲ, ಹತ್ತನೆಯ ಸಲ ಎತ್ತುವ ಶಕ್ತಿ ದಮ್ಮಿನಿಂದ ಬರುತ್ತದೆ.

ಈ ಸೀಮೆಗೆ ಕುಸ್ತಿ ಹೊರಗಿನಿಂದ ಬಂದ ಆಟವಲ್ಲ. ಚಿಕ್ಕೋಡಿ ಕಡೆಯ ಯಕ್ಸಂಬಾದಲ್ಲಿ ಹುಟ್ಟಿ ಕೊಲ್ಲಾಪುರದಲ್ಲಿ ಪಳಗಿದ ಶ್ರೀಪತಿ ಖಂಚನಾಳೆ 1959ರಲ್ಲಿ ಹಿಂದ್ ಕೇಸರಿ ಪಟ್ಟ ಗೆದ್ದರು. ಆ ಬಿರುದು ಪಡೆದ ಮೊದಲಿಗರಲ್ಲಿ ಅವರೊಬ್ಬರು. ಶಾಹೂ ಮಹಾರಾಜರು ಕಟ್ಟಿ ಬೆಳೆಸಿದ ಕೊಲ್ಲಾಪುರದ ತಾಲೀಮುಗಳ, ಅಂದರೆ ಕುಸ್ತಿ ಗರಡಿಗಳ, ಗಾಳಿ ಸಂಕೇಶ್ವರ, ಹುಕ್ಕೇರಿಗಳಿಗೆ ಬೀಸದೆ ಇರುವುದು ಸಾಧ್ಯವೂ ಇರಲಿಲ್ಲ. ಗಡಿಯಾಚೆ ಈಚೆ ಎರಡೂ ಕಡೆ ತಾಲೀಮಿನ ಗುರುವಿಗೆ ವಸ್ತಾದ ಎಂದೇ ಹೆಸರು. ಒಬ್ಬೊಬ್ಬ ಹುಡುಗನ ಊಟ, ನಿದ್ದೆ, ಬಸ್ಕಿಯ ಲೆಕ್ಕವನ್ನು ಬಾಯಲ್ಲೇ ಇಟ್ಟುಕೊಂಡಿರುತ್ತಿದ್ದ ಈ ಮನುಷ್ಯನನ್ನು ಇವತ್ತಿನ ಭಾಷೆಯಲ್ಲಿ ಪರ್ಸನಲ್ ಟ್ರೈನರ್ ಎನ್ನಬೇಕು. ಸಂಬಳ ಮಾತ್ರ ಇರಲಿಲ್ಲ.

ಕುಸ್ತಿಯ ಚರಿತ್ರೆಯಲ್ಲಿ ಒಂದೇ ಜೋಡಿಯ ಎರಡು ಪಂದ್ಯಗಳಿವೆ. ಕಸುವು ಮತ್ತು ದಮ್ಮಿನ ಬಗ್ಗೆ ಅವು ಹೇಳುವಷ್ಟನ್ನು ಅನೇಕ ಪಠ್ಯಪುಸ್ತಕಗಳು ಹೇಳುವುದಿಲ್ಲ. 1910ರ ಸೆಪ್ಟೆಂಬರಿನಲ್ಲಿ ಲಂಡನ್ನಿನಲ್ಲಿ ಗಾಮಾ ಪೈಲವಾನ ಪೋಲೆಂಡಿನ ಸ್ಟಾನಿಸ್ಲಾಸ್ ಜಿಬಿಸ್ಕೋ ಜೊತೆ ಎರಡೂವರೆ ತಾಸಿಗೂ ಮಿಕ್ಕಿ ಸೆಣಸಿದ. ಗಾಮಾನಿಗಿಂತ ತುಂಬ ಭಾರವಿದ್ದ ಜಿಬಿಸ್ಕೋ ಚಾಪೆಗೆ ಅಂಟಿಕೊಂಡು ಮಲಗಿಬಿಟ್ಟ, ಕುಸ್ತಿ ತೀರ್ಮಾನವಾಗಲಿಲ್ಲ. 1928ರಲ್ಲಿ ಪಟಿಯಾಲಾದಲ್ಲಿ ಅದೇ ಇಬ್ಬರು ಮತ್ತೆ ಎದುರಾದರು. ಈ ಸಲ ಗಾಮಾ ಒಂದು ನಿಮಿಷದೊಳಗೆ ಅವನನ್ನು ಚಿತ್ ಮಾಡಿದ. ಒಂದೇ ದೇಹ ಎರಡೂವರೆ ತಾಸು ಬಾಳಬೇಕು, ಒಂದು ನಿಮಿಷದಲ್ಲಿ ಸಿಡಿಯಲೂ ಬೇಕು. ಗಾಮಾ ದಿನಕ್ಕೆ ಹೊಡೆಯುತ್ತಿದ್ದನೆಂದು ಹೇಳುವ ಸಾವಿರಾರು ಬಸ್ಕಿಗಳ ಲೆಕ್ಕವನ್ನು ಯಾರು ಕೂತು ಎಣಿಸಿದರೋ, ಅದನ್ನು ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು.

ದಮ್ಮು ಕೈಕೊಟ್ಟ ಕಥೆಯೂ ನಮ್ಮ ನೆರೆಯಲ್ಲೇ ಇದೆ. ಕರಾಡದ ಹತ್ತಿರದ ಗೋಳೇಶ್ವರದ ಖಾಶಾಬಾ ಜಾಧವ್ 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದರು. ಸ್ವತಂತ್ರ ಭಾರತಕ್ಕೆ ವೈಯಕ್ತಿಕ ಸ್ಪರ್ಧೆಯಲ್ಲಿ ಬಂದ ಮೊದಲ ಪದಕ ಅದು. ಜಪಾನಿನ ಶೋಹಾಚಿ ಇಶಿಯ ಜೊತೆ ದೀರ್ಘ ಕಾದಾಟ ಮುಗಿಸಿ ಹೊರಬಂದವರನ್ನು ಕೂಡಲೇ ಸೋವಿಯತ್ ಪೈಲವಾನ ರಶೀದ್ ಮಮ್ಮದ್‌ಬೆಯೋವ್ ಎದುರು ನಿಲ್ಲಿಸಲಾಯಿತು. ಎರಡು ಪಂದ್ಯಗಳ ನಡುವೆ ಅರ್ಧ ತಾಸು ಬಿಡುವು ಕೊಡಬೇಕೆಂಬ ನಿಯಮವಿತ್ತು. ಹಾಗೆಂದು ವಾದಿಸಲು ನಮ್ಮ ಕಡೆಯ ಅಧಿಕಾರಿಯೊಬ್ಬರೂ ಅಲ್ಲಿರಲಿಲ್ಲ. ದಣಿದಿದ್ದ ಜಾಧವ್ ಸೋತರು. ಆ ಅರ್ಧ ತಾಸಿನಲ್ಲಿ ದೇಹ ಏನೇನು ಸರಿಪಡಿಸಿಕೊಳ್ಳುತ್ತದೆ ಎನ್ನುವುದೇ ಈ ಅಧ್ಯಾಯದ ಅರ್ಧ ವಿಷಯ.

ಈಗ ತಾಲೀಮಿನ ಜಾಗದಲ್ಲಿ ಜಿಮ್ ಬಂದಿದೆ. ಬೆಲ್ಲದ ಬಾಗೇವಾಡಿಯಂಥ ಊರಿನ ಹುಡುಗ ಬೈಕು ಹತ್ತಿದರೆ ಘಟಪ್ರಭೆಯೋ ಹುಕ್ಕೇರಿಯೋ ಸಂಕೇಶ್ವರವೋ ದೂರವಲ್ಲ. ಕನ್ನಡಿ, ಡಂಬೆಲ್, ಜೋರು ಹಾಡು, ಒಂದು ಮೂಲೆಯಲ್ಲಿ ಟ್ರೆಡ್‌ಮಿಲ್. ಆ ಮೂಲೆಯ ಟ್ರೆಡ್‌ಮಿಲ್ ಮೇಲೆ ಹೆಚ್ಚಿನಂಶ ಟವೆಲ್ ಒಣಗುತ್ತಿರುತ್ತದೆ. ಹುಡುಗರು ಟ್ರೈನರಿಗೆ ಕೇಳುವ ಪ್ರಶ್ನೆ ಎಲ್ಲ ಊರಲ್ಲೂ ಒಂದೇ.

"ಸರ್, ರನ್ನಿಂಗ್ ಮಾಡಿದ್ರ ಬಾಡಿ ಇಳಿತೈತಿ ಅಂತಾರಲ್ರಿ, ಖರೇನ್ರೀ?"

"ಹೌದಪಾ, ಕಾರ್ಡಿಯೋ ಕಮ್ಮಿ ಮಾಡು. ಮಸಲ್ ಹೋಗ್ತಾವು."

ಈ ಉತ್ತರ ಬರಿ ಗಾಳಿಮಾತೆಂದು ತಳ್ಳಿಹಾಕುವಂತಿಲ್ಲ. ಇದರ ಹಿಂದೆ ಒಂದು ನಿಜವಾದ ಪ್ರಯೋಗವಿದೆ.

ರಾಬರ್ಟ್ ಹಿಕ್ಸನ್ ಅಮೆರಿಕದ ಶರೀರಕ್ರಿಯಾ ವಿಜ್ಞಾನಿ. ಸ್ವತಃ ಭಾರ ಎತ್ತುವವನು. ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಜಾನ್ ಹೊಲೋಜಿ ಕೈಕೆಳಗೆ ಕೆಲಸ ಮಾಡಲು ಸೇರಿದ. ಹೊಲೋಜಿ ಸಣ್ಣ ಆಸಾಮಿಯಲ್ಲ. ಇಲಿಗಳನ್ನು ಓಡಿಸಿ, ಓಟದಿಂದ ಸ್ನಾಯುವಿನ ಮೈಟೋಕಾಂಡ್ರಿಯಾ ಹೆಚ್ಚುತ್ತವೆಂದು 1967ರಲ್ಲಿ ತೋರಿಸಿಕೊಟ್ಟವನು. ಆತನಿಗೆ ದಿನಾ ಓಡುವ ಅಭ್ಯಾಸ. ಗುರುಗಳು ಓಡುತ್ತಾರೆಂದ ಮೇಲೆ ಶಿಷ್ಯನೂ ಜೊತೆಗೆ ಓಡಿದ. ಭಾರ ಎತ್ತುವುದನ್ನು ಬಿಟ್ಟಿರಲಿಲ್ಲ, ಆದರೂ ಹಿಕ್ಸನ್ನನ ಮೈ ಇಳಿಯತೊಡಗಿತು, ಕಸುವು ಕುಂದಿತು. ಇದನ್ನು ಗುರುವಿಗೆ ಹೇಳಿದಾಗ, ನಿನ್ನದೇ ಪ್ರಯೋಗಾಲಯ ಸಿಕ್ಕ ಮೇಲೆ ಮೊದಲು ಇದನ್ನೇ ಪರೀಕ್ಷಿಸು ಎಂಬರ್ಥದ ಉತ್ತರ ಬಂತಂತೆ.

ಶಿಕಾಗೋದಲ್ಲಿ ನೆಲೆ ಸಿಕ್ಕ ಮೇಲೆ ಹಿಕ್ಸನ್ ಅದನ್ನೇ ಮಾಡಿದ. 1980ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಮೂರು ಗುಂಪುಗಳಿದ್ದವು. ಒಂದು ಗುಂಪು ವಾರಕ್ಕೆ 5 ದಿನ ಕಾಲಿಗೆ ಭಾರದ ವ್ಯಾಯಾಮ ಮಾತ್ರ ಮಾಡಿತು. ಇನ್ನೊಂದು ವಾರಕ್ಕೆ 6 ದಿನ, ದಿನಕ್ಕೆ 40 ನಿಮಿಷ ಉಸಿರು ಕಟ್ಟುವಂತೆ ಓಟ ಮತ್ತು ಸೈಕಲ್. ಮೂರನೆಯ ಗುಂಪು ಎರಡನ್ನೂ ಮಾಡಿತು. ಹತ್ತು ವಾರ ನಡೆದ ಈ ಪ್ರಯೋಗದಲ್ಲಿ ಬರಿ ಭಾರ ಎತ್ತಿದವರ ಬಲ ಕೊನೆಯವರೆಗೂ ಏರುತ್ತ ಹೋಯಿತು. ಎರಡನ್ನೂ ಮಾಡಿದವರ ಬಲ ಏಳೆಂಟು ವಾರ ಅವರ ಸಮಕ್ಕೆ ಏರಿ, ನಿಂತು, ಕೊನೆಯ ಎರಡು ವಾರ ಇಳಿಯಿತು. ದಮ್ಮಿನ ಕಡೆ ನೋಡಿದರೆ ನಷ್ಟವೇ ಇಲ್ಲ: ಭಾರ ಎತ್ತುತ್ತಲೇ ಓಡಿದವರು, ಬರಿ ಓಡಿದವರಷ್ಟೇ ಮುಂದುವರಿದಿದ್ದರು. ಓಟದಿಂದ ಕಸುವಿಗೆ ಪೆಟ್ಟು, ಕಸುವಿನಿಂದ ಓಟಕ್ಕೆ ಏನೂ ಇಲ್ಲ. ವ್ಯಾಯಾಮ ವಿಜ್ಞಾನಿಗಳು ಇದನ್ನು ಇಂಟರ್‌ಫಿಯರೆನ್ಸ್ ಎಂದು ಕರೆದರು. ನಮ್ಮ ಮಾತಿನಲ್ಲಿ ಒಂದು ಇನ್ನೊಂದಕ್ಕೆ ಅಡ್ಡಗಾಲು ಹಾಕುವುದು.

ಜಿಮ್‌ಗಳಲ್ಲಿ ಈ ಕಥೆ ಅರ್ಧ ಮಾತ್ರ ತಲುಪಿದೆ. ಎರಡನ್ನೂ ಮಾಡಿದ ಆ ಗುಂಪಿನವರ ವಾರವನ್ನು ಕೂಡಿ ನೋಡಿ: 5 ದಿನ ಭಾರ, 6 ದಿನ ಓಟ, ಹನ್ನೊಂದು ಸರದಿ, ಎಲ್ಲವೂ ಮೈ ಮುರಿಯುವಂಥದ್ದು. ಅದರಲ್ಲೂ ಏಳು ವಾರ ಏನೂ ಆಗಲಿಲ್ಲ. ವಾರಕ್ಕೆ ಮೂರು ದಿನ ಜಿಮ್ಮಿಗೆ ಹೋಗಿ, ಅದರಲ್ಲಿ ಅರ್ಧ ಹೊತ್ತು ಮೊಬೈಲ್ ನೋಡುವ ಹುಡುಗನಿಗೆ ಹಿಕ್ಸನ್ನನ ಭಯ ಯಾಕೆ? ಕಸುವಿಗೂ ದಮ್ಮಿಗೂ ಜಗಳ ಇರುವುದು ನಿಜ, ಆದರೆ ಅದು ಬಹಳ ಉಳ್ಳವರ ಮನೆಯ ಜಗಳ.

ಯಾಕೆ ಅಡ್ಡಗಾಲು ಎಂದು ಜೀವಕೋಶದೊಳಗೆ ಹುಡುಕಿದವರಿಗೆ ಎರಡು ಪ್ರೋಟೀನುಗಳು ಸಿಕ್ಕವು. ಭಾರ ಎತ್ತಿದಾಗ ಎಂಟಾರ್ ಎಂಬ ಪ್ರೋಟೀನು ಚುರುಕಾಗಿ ಹೊಸ ಸ್ನಾಯು ಕಟ್ಟುವ ಕೆಲಸಕ್ಕೆ ಚಾಲನೆ ಕೊಡುತ್ತದೆ. ಬಹಳ ಹೊತ್ತು ಓಡಿ ಜೀವಕೋಶದ ಇಂಧನ ತಗ್ಗಿದಾಗ ಎಎಂಪಿಕೆ ಎಂಬ ಇನ್ನೊಂದು ಎಚ್ಚೆತ್ತು ಖರ್ಚಿನ ಕೆಲಸಗಳಿಗೆ ತಡೆ ಹಾಕುತ್ತದೆ, ಮೈಟೋಕಾಂಡ್ರಿಯಾ ಹೆಚ್ಚಿಸುವ ಕಡೆ ಗಮನ ತಿರುಗಿಸುತ್ತದೆ. ಘಟಪ್ರಭಾ ಎಡದಂಡೆ ಕಾಲುವೆಗೆ ನೀರು ಕಡಿಮೆ ಬಿಟ್ಟ ವರ್ಷ ನೀರುಗಂಟಿ ಕಬ್ಬಿನ ಹೊಸ ನಾಟಿ ಬೇಡ, ನಿಂತ ಬೆಳೆ ಉಳಿಸಿಕೊಳ್ಳಿ ಎನ್ನುತ್ತಾನಲ್ಲ, ಎಎಂಪಿಕೆಯದು ಅದೇ ನಡೆ. (ಎಂಟಾರ್ ಹೆಸರಿನ ಹಿಂದಿರುವ ರಾಪಮೈಸಿನ್ ಎಂಬ ಔಷಧಿ ಪೆಸಿಫಿಕ್ ಸಾಗರದ ರಾಪಾ ನುಯಿ ದ್ವೀಪದ ಮಣ್ಣಿನ ಸೂಕ್ಷ್ಮಜೀವಿಯಿಂದ ಬಂದದ್ದು. ಮಣ್ಣಲ್ಲಿ ಹೊರಳುವ ಪೈಲವಾನರು ಕೇಳಿದರೆ ಖುಷಿಪಟ್ಟಾರು.)

ಈ ವಿವರಣೆ ಎಷ್ಟು ಚೆಂದವಿತ್ತೆಂದರೆ ಜನ ಅದನ್ನು ಪೂರ್ತಿ ನಂಬಿಬಿಟ್ಟರು. 2005ರಲ್ಲಿ ಬಂದ, ಬಹಳ ಹೆಸರಾದ ಸಾಕ್ಷ್ಯವೊಂದು ಇಲಿಯ ಸ್ನಾಯುವಿಗೆ ವಿದ್ಯುತ್ ಹರಿಸಿ ಪಡೆದದ್ದು. ನಡೆದಾಡುವ ಮನುಷ್ಯನಲ್ಲಿ ಈ ಸ್ವಿಚ್ಚು ಅಷ್ಟು ಖಡಾಖಂಡಿತವಾಗಿ ಕೆಲಸ ಮಾಡುವುದಿಲ್ಲ. 2022ರಲ್ಲಿ ಮೊರಿಟ್ಜ್ ಶೂಮನ್ ಮತ್ತು ಸಂಗಡಿಗರು 43 ಪ್ರಯೋಗಗಳನ್ನು ಒಟ್ಟುಹಾಕಿ ತೂಗಿ ನೋಡಿದಾಗ, ಎರಡೂ ಬಗೆಯ ವ್ಯಾಯಾಮ ಮಾಡುವುದರಿಂದ ಸ್ನಾಯುವಿನ ಗಾತ್ರಕ್ಕಾಗಲಿ ಗರಿಷ್ಠ ಬಲಕ್ಕಾಗಲಿ ಗಣನೀಯ ನಷ್ಟ ಕಾಣಲಿಲ್ಲ. ಸ್ವಲ್ಪ ಮಂಕಾದದ್ದು ಸಿಡಿಯುವ ಬಲ ಒಂದೇ: ಜಿಗಿತ, ಥಟ್ಟನೆ ಎತ್ತಿ ಒಗೆಯುವುದು. ಅದೂ ಎರಡನ್ನೂ ಒಂದೇ ಸರದಿಯಲ್ಲಿ ಮಾಡಿದವರಲ್ಲಿ. ನಡುವೆ ಕನಿಷ್ಠ ಮೂರು ತಾಸು ಬಿಟ್ಟವರಲ್ಲಿ ಆ ನಷ್ಟವೂ ಎದ್ದು ಕಾಣಲಿಲ್ಲ.

ಇಲ್ಲಿ ತಾಲೀಮಿನ ದಿನಚರಿಯನ್ನು ಕೊಂಚ ಹತ್ತಿರದಿಂದ ನೋಡಬೇಕು. ನಸುಕಿನಲ್ಲಿ ಮೊದಲ ಕೆಲಸ ಕಣದ ಮಣ್ಣು ಅಗೆಯುವುದು. ಎಣ್ಣೆ, ಅರಿಸಿನ, ಮಜ್ಜಿಗೆ ಕುಡಿದ ಕೆಂಪು ಮಣ್ಣು ರಾತ್ರಿಯಲ್ಲಿ ಗಟ್ಟಿಯಾಗಿರುತ್ತದೆ. ಅದನ್ನು ಸಲಿಕೆಯಿಂದ ತಿರುವಿ ಮೆತ್ತಗೆ ಮಾಡುವಷ್ಟರಲ್ಲಿ ಬೆನ್ನು, ಹೆಗಲು ಕಾದಿರುತ್ತವೆ, ಎದೆ ಏರಿಳಿಯುತ್ತಿರುತ್ತದೆ. ಜಿಮ್‌ನವರು ವಾರ್ಮಪ್ ಎಂದು ಹತ್ತು ನಿಮಿಷ ಮಾಡಿಸುವುದು ಇಲ್ಲಿ ಸೇವೆಯ ಹೆಸರಿನಲ್ಲಿ ಮುಗಿಯುತ್ತದೆ. ಆಮೇಲೆ ಜೋರ್, ಅಂದರೆ ಸರದಿಯಂತೆ ಜೋಡಿ ಹಿಡಿಯುವುದು. ಎರಡು ಮೂರು ನಿಮಿಷ ಪೂರ್ಣ ಬಲದ ಹಿಡಿತ, ಹಾಯಾಗಿ ನಿಂತು ಉಸಿರು ತೆಗೆದುಕೊಳ್ಳುವುದು, ಮತ್ತೆ ಇನ್ನೊಬ್ಬನ ಜೊತೆ. ಇವತ್ತು ಇಂಟರ್ವಲ್ ಟ್ರೈನಿಂಗ್ ಎಂದು ಹಣ ಕೊಟ್ಟು ಕಲಿಯುವುದು ಇದೇ ತಾನೆ! ದಂಡ, ಬಸ್ಕಿ, ಕರೇಲ ತಿರುಗಿಸುವುದು, ಗುಂಡು ಎತ್ತುವುದು ಅನೇಕ ತಾಲೀಮುಗಳಲ್ಲಿ ಸಂಜೆಯ ಪಾಳಿಗೆ. ನಡುವೆ ಊಟ, ನಿದ್ದೆ. ಆ ಮೂರು ತಾಸಿನ ಅಂತರ ತಾನಾಗಿಯೇ ಬಂದುಬಿಡುತ್ತದೆ, ಎರಡರಷ್ಟು ಮೂರರಷ್ಟಾಗಿ.

ಹಾಗೆಂದು ಹಳೆಯದೆಲ್ಲ ಹೊನ್ನು ಎನ್ನಲು ನಾನು ತಯಾರಿಲ್ಲ. ಐನೂರು ಬಸ್ಕಿ ಹೊಡೆಯುವವನು ಮುಂದಿನ ವರ್ಷ ಎಂಟುನೂರು ಹೊಡೆದರೆ ಅವನ ತೊಡೆ ದಣಿವನ್ನು ಹೆಚ್ಚು ಹೊತ್ತು ತಡೆಯುತ್ತದೆಯೇ ಹೊರತು ಗರಿಷ್ಠ ಬಲ ಅದೇ ಪ್ರಮಾಣದಲ್ಲಿ ಏರುವುದಿಲ್ಲ. ಭಾರ ಬದಲಾಗಲಿಲ್ಲವಲ್ಲ, ಅವನದೇ ಮೈತೂಕ. ಬಲ ಏರಬೇಕಾದರೆ ಹೊರೆ ಏರಬೇಕು. ಜಾತ್ರೆಯಲ್ಲಿ ಜೋಳದ ಚೀಲ ಎತ್ತುವವರು, ಸಂಗ್ರಾಣಿ ಕಲ್ಲು ಎತ್ತುವವರು ಇದನ್ನು ಕಂಡುಕೊಂಡಿದ್ದರು: ಚಿಕ್ಕ ಕಲ್ಲಿನಿಂದ ದೊಡ್ಡ ಕಲ್ಲಿಗೆ. ಈ ಒಂದು ವಿಷಯದಲ್ಲಿ ಜಿಮ್ಮಿನ ಕಬ್ಬಿಣ ತಾಲೀಮಿಗಿಂತ ಮೇಲು. ಎರಡೂವರೆ ಕಿಲೋದಂತೆ ಏರಿಸುತ್ತ ಹೋಗಬಹುದು.

ಹೃದಯದ ವಿಷಯಕ್ಕೆ ಬಂದರೆ ಪೈಲವಾನರು ವಿಜ್ಞಾನದ ಚರಿತ್ರೆಯೊಳಗೇ ಸೇರಿದ್ದಾರೆ. 1975ರಲ್ಲಿ ಜೋಯೆಲ್ ಮಾರ್ಗನ್‌ರಾತ್ ಮತ್ತು ಜೊತೆಗಾರರು ಎಕೋ ಯಂತ್ರದಲ್ಲಿ ಕ್ರೀಡಾಪಟುಗಳ ಹೃದಯ ಅಳೆದರು. ಓಟಗಾರರು, ಈಜುಗಾರರ ಎಡ ಹೃತ್ಕುಕ್ಷಿ ಒಳಗಿನಿಂದ ಹಿಗ್ಗಿತ್ತು, ಗೋಡೆಯ ದಪ್ಪ ಸಾಧಾರಣ. ಕುಸ್ತಿಪಟುಗಳು ಮತ್ತು ಗುಂಡು ಎಸೆಯುವವರಲ್ಲಿ ಗೋಡೆ ದಪ್ಪಗಾಗಿತ್ತು, ಒಳಗಿನ ಜಾಗ ಮಾಮೂಲು. ಓಡುವವನ ಹೃದಯ ಹೆಚ್ಚು ರಕ್ತವನ್ನು ಸಾಗಿಸಬೇಕು. ಎತ್ತುವವನ ಹೃದಯ ಹೆಚ್ಚು ಒತ್ತಡದ ಎದುರು ದೂಡಬೇಕು. ಆ ಒತ್ತಡ ಎಷ್ಟೆಂದು 1985ರಲ್ಲಿ ಕೆನಡಾದ ಮೆಕ್‌ಡೂಗಲ್ ತಂಡ ಬಾಡಿಬಿಲ್ಡರುಗಳ ರಕ್ತನಾಳದೊಳಗೇ ನಳಿಕೆ ಇಟ್ಟು ಅಳೆಯಿತು. ಎರಡೂ ಕಾಲಿನಿಂದ ಭಾರ ದೂಡುವಾಗ ಸರಾಸರಿ 320/250! ಆಸ್ಪತ್ರೆಯಲ್ಲಿ 140/90 ಕಂಡರೆ ಹುಬ್ಬು ಗಂಟಿಕ್ಕುವ ಡಾಕ್ಟರಿಗೆ ಈ ಅಂಕಿ ತೋರಿಸಬಾರದು. ಕೆಲವು ಸೆಕೆಂಡಿಗೆ ಮಾತ್ರ ಏರಿ ಇಳಿಯುವ ಈ ಒತ್ತಡವನ್ನು ಆರೋಗ್ಯವಂತ ಯುವಕನ ನಾಳಗಳು ತಾಳಿಕೊಳ್ಳುತ್ತವೆ. ಉಸಿರು ಬಿಗಿಹಿಡಿದರೆ ಅದು ಇನ್ನೂ ಏರುತ್ತದೆ. ಅದಕ್ಕೇ ಬಿಪಿ ಇರುವವರಿಗೆ ಎತ್ತುವಾಗ ಉಸಿರು ಬಿಡಿ ಎಂದು ಟ್ರೈನರು ಬೆನ್ನ ಹಿಂದೆ ನಿಂತು ಹೇಳುತ್ತಲೇ ಇರಬೇಕಾದದ್ದು. ಮಾರ್ಗನ್‌ರಾತ್ ಹೇಳಿದ ಎರಡು ಹೃದಯಗಳ ಗೆರೆ ಅಷ್ಟು ಸ್ಪಷ್ಟವಾಗಿಲ್ಲವೆಂದು ಆಮೇಲಿನ ಅಧ್ಯಯನಗಳು ತೋರಿಸಿವೆ. ಹೆಚ್ಚಿನ ಆಟಗಳು ಎರಡನ್ನೂ ಬೇಡುತ್ತವೆ.

ಪೈಲವಾನರನ್ನು ಬಿಟ್ಟು ಉಳಿದವರ ಕಡೆ ಬರೋಣ. ಅವರೇ ಹೆಚ್ಚು. ಬೆಲ್ಲದ ಬಾಗೇವಾಡಿಯ ಸುತ್ತ ಕಬ್ಬಿನದೇ ಕಾರುಬಾರು; ಊರಲ್ಲೇ ವಿಶ್ವರಾಜ್ ಸಕ್ಕರೆ ಕಾರ್ಖಾನೆ, ಸಂಕೇಶ್ವರದಲ್ಲಿ ಹಿರಣ್ಯಕೇಶಿ. ಒಂದು ಕಾಲಕ್ಕೆ ಈ ಬೆಳೆ ಬೆಳೆದವನಿಗೆ ವ್ಯಾಯಾಮದ ಮಾತೇ ಬೇಕಿರಲಿಲ್ಲ. ಈಗ ಉಳುವುದು ಟ್ರ್ಯಾಕ್ಟರ್, ಹೊಲಕ್ಕೆ ಹೋಗುವುದು ಬೈಕು, ಕಡಿಯುವುದು ಹೊರಗಿನಿಂದ ಬಂದ ಗ್ಯಾಂಗು. ಕಬ್ಬಿನ ಹೊರೆ ತಲೆ ಮೇಲೆ ಹೊತ್ತು ಹಲಗೆ ಏರಿ ಟ್ರಾಲಿಗೆ ತುಂಬುವ ಆ ಗ್ಯಾಂಗಿನ ಹೆಂಗಸರಿಗೆ ಕಸುವು, ದಮ್ಮು ಎರಡರ ತರಬೇತಿಯೂ ದಿನಾ ಆಗುತ್ತಿದೆ. ಅವರಿಗೆ ಸಿಗದಿರುವುದು ವಿಶ್ರಾಂತಿ ಮತ್ತು ಊಟ. ಹೊಲದ ಮಾಲಕನಿಗೆ ಕಸುವು, ದಮ್ಮು ಎರಡರ ತರಬೇತಿಯೂ ತಪ್ಪಿಹೋಗಿದೆ.

ನಮ್ಮ ಮೈಕಟ್ಟಿನ ವಿಚಿತ್ರವೊಂದು ಇದರ ಜೊತೆ ಸೇರಿಕೊಂಡಿದೆ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮಿಬ್ಬರದೇ ಫೋಟೋ ಅಚ್ಚು ಹಾಕಿಸಿದರು. ಇಬ್ಬರ ಬಿಎಂಐಯೂ 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಮೈಯಲ್ಲಿ ಶೇ 21.2. ತಕ್ಕಡಿಗೆ ಒಂದೇ ಕಂಡ ಮೈ, ಒಳಗೆ ಬೇರೆ. ಸಪೂರ ಕಂಡರೂ ಸ್ನಾಯು ಕಡಿಮೆ, ಕೊಬ್ಬು ಹೆಚ್ಚು. ಊಟದ ನಂತರ ಇನ್ಸುಲಿನ್ ಹೇಳಿದ ಮಾತು ಕೇಳಿ ರಕ್ತದ ಸಕ್ಕರೆಯನ್ನು ಒಳಗೆಳೆದುಕೊಳ್ಳುವ ಮುಖ್ಯ ಅಂಗವೇ ಸ್ನಾಯು. ಅದೇ ಕಡಿಮೆಯಿದ್ದರೆ ಸಕ್ಕರೆ ಎಲ್ಲಿಗೆ ಹೋಗಬೇಕು? 2023ರಲ್ಲಿ ಹೊರಬಂದ ಐಸಿಎಂಆರ್ ಸಮೀಕ್ಷೆಯ ಪ್ರಕಾರ ದೇಶದಲ್ಲಿ 10 ಕೋಟಿಗೂ ಮಿಕ್ಕಿ ಜನರಿಗೆ ಮಧುಮೇಹ, 13 ಕೋಟಿಗೂ ಮಿಕ್ಕಿ ಜನ ಅದರ ಹೊಸ್ತಿಲಲ್ಲಿದ್ದಾರೆ.

ಶುಗರ್ ಬಂದವರಿಗೆ ಡಾಕ್ಟರು ಹೇಳುವ ಮೊದಲ ಮಾತು "ವಾಕಿಂಗ್ ಮಾಡ್ರಿ". ಮಾತು ಸರಿ, ಅರ್ಧ ಸರಿ. ಅಮೆರಿಕದ ಲೂಸಿಯಾನಾದಲ್ಲಿ ಟೈಪ್-2 ಮಧುಮೇಹದ 262 ಜನರನ್ನು ಒಂಬತ್ತು ತಿಂಗಳು ಗಮನಿಸಿದ ಪ್ರಯೋಗ 2010ರಲ್ಲಿ ಪ್ರಕಟವಾಯಿತು. ಕೆಲವರು ನಡಿಗೆಯಂಥ ವ್ಯಾಯಾಮ ಮಾತ್ರ, ಕೆಲವರು ಭಾರ ಮಾತ್ರ, ಕೆಲವರು ಎರಡನ್ನೂ ಮಾಡಿದರು. ಹಿಂದಿನ ಇಂಥ ಅಧ್ಯಯನವೊಂದರಲ್ಲಿ ಎರಡನ್ನೂ ಮಾಡಿದವರು ಹೊತ್ತನ್ನೂ ದುಪ್ಪಟ್ಟು ಕಳೆದಿದ್ದರು. ಹಾಗಾಗಿ ಗೆಲುವು ಬೆರಕೆಯದ್ದೋ ಹೆಚ್ಚು ಹೊತ್ತಿನದ್ದೋ ತಿಳಿಯದಾಗಿತ್ತು. ಇಲ್ಲಿ ಮೂರು ಗುಂಪಿಗೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ, ವ್ಯಾಯಾಮ ಮಾಡದವರ ಹೋಲಿಕೆಯಲ್ಲಿ ಎದ್ದು ಕಾಣುವಂತೆ ಇಳಿದದ್ದು ಎರಡನ್ನೂ ಮಾಡಿದವರಲ್ಲಿ ಮಾತ್ರ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಕೂಡ ಎರಡನ್ನೂ ಕೇಳುತ್ತದೆ: ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ಚಟುವಟಿಕೆ, ಜೊತೆಗೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ. ನಮ್ಮಲ್ಲಿ ಅಪ್ಪ ವಾಕಿಂಗ್ ಹೋಗುತ್ತಾನೆ, ಮಗ ಜಿಮ್ಮಿಗೆ ಹೋಗುತ್ತಾನೆ. ಇಬ್ಬರೂ ಒಂದು ವಾರ ಜಾಗ ಬದಲಾಯಿಸಿಕೊಂಡರೆ ಇಬ್ಬರಿಗೂ ತಮ್ಮಲ್ಲಿ ಏನಿಲ್ಲವೆಂದು ಗೊತ್ತಾಗುತ್ತದೆ.

ಟ್ರೈನರನ ಯೋಗ್ಯತೆ ತಿಳಿಯುವುದು ಇಲ್ಲೇ. ಒಳ್ಳೆಯವನು ಮೊದಲ ದಿನ ಮೆಷೀನಿನ ಹತ್ತಿರ ಕರೆದೊಯ್ಯುವುದಿಲ್ಲ, ಕೂರಿಸಿ ಕೇಳುತ್ತಾನೆ. ಕೆಲಸ ಏನು? ಹೊಲಕ್ಕೆ ಹೋಗುತ್ತೀಯಾ? ರಾತ್ರಿ ಪಾಳಿಯಾ? ಮನೆಯಲ್ಲಿ ಯಾರಿಗಾದರೂ ಎಳೆಯ ವಯಸ್ಸಿಗೆ ಹೃದಯಾಘಾತ ಆಗಿತ್ತಾ? ಮೆಟ್ಟಿಲು ಹತ್ತುವಾಗ ಎದೆ ಹಿಡಿಯುತ್ತದಾ? ಆಮೇಲೆ ಏನು ಕಡಿಮೆಯಿದೆಯೋ ಅದರಿಂದ ಶುರು ಮಾಡುತ್ತಾನೆ. ಕಸುವು ಬೇಕೆಂದು ಬಂದವನಿಗೆ ಒಂದೇ ಸರದಿಯಲ್ಲಿ ಎರಡನ್ನೂ ಮಾಡಿಸುವುದಾದರೆ ಭಾರ ಮೊದಲು, ಓಟ ಆಮೇಲೆ. ದಣಿದ ಕಾಲಿನಲ್ಲಿ ಭಾರ ಹೊತ್ತರೆ ಬಲವೂ ಏರುವುದಿಲ್ಲ, ಮಂಡಿಗೂ ಕೇಡು. ಕಾಲಿನ ಭಾರದ ದಿನ ಓಟಕ್ಕಿಂತ ಸೈಕಲ್ ವಾಸಿ. ಓಟದಲ್ಲಿ ಪ್ರತಿ ಹೆಜ್ಜೆಗೂ ನೆಲ ಕೊಡುವ ಪೆಟ್ಟು ಸ್ನಾಯುವಿನ ಎಳೆಗಳನ್ನು ಹೆಚ್ಚು ಘಾಸಿ ಮಾಡುತ್ತದೆ. ದಮ್ಮಿನ ವೇಗ ಅಳೆಯಲು ಗಡಿಯಾರ ಬೇಡ: ಮಾತಾಡಲು ಆಗಬೇಕು, ಪದ ಹಾಡಲು ಆಗಬಾರದು. ಭಾರದಲ್ಲಿ ಇನ್ನೂ ಎರಡು ಸಲ ಎತ್ತಬಲ್ಲೆ ಅನಿಸುವಾಗಲೇ ಇಳಿಸುವುದು ಹೊಸಬರಿಗೆ ಕ್ಷೇಮ.

ಊಟದ ಮಾತನ್ನು ಚಿಕ್ಕದಾಗಿ ಮುಗಿಸುತ್ತೇನೆ. ಓಡಿದರೆ ಮೈ ಇಳಿಯಿತು ಎನ್ನುವವರಲ್ಲಿ ಅನೇಕರ ಮೈ ಇಳಿದದ್ದು ತಿನ್ನದೆ. ಎರಡು ಬಗೆಯ ಕೆಲಸ ಮಾಡಿ ಒಂದು ಬಗೆಯಷ್ಟೇ ಉಂಡರೆ ಎಎಂಪಿಕೆಯನ್ನು ದೂರಿ ಏನು ಫಲ? ಭಾರ ಎತ್ತುವವರಿಗೆ ದಿನಕ್ಕೆ ಮೈತೂಕದ ಕಿಲೋ ಒಂದಕ್ಕೆ 1.6 ಗ್ರಾಂ ಪ್ರೋಟೀನು ಸಾಕೆಂದು, ಅದಕ್ಕಿಂತ ಹೆಚ್ಚು ತಿಂದರೆ ಲಾಭ ಅಷ್ಟಾಗಿ ಇಲ್ಲವೆಂದು 2018ರ ದೊಡ್ಡ ವಿಶ್ಲೇಷಣೆಯೊಂದು ಹೇಳಿತು. 60 ಕಿಲೋ ತೂಕದವನಿಗೆ 96 ಗ್ರಾಂ. ರೊಟ್ಟಿ, ಕಾಳಿನ ಪಲ್ಯ, ಮೊಸರು, ಶೇಂಗಾ ಹಿಂಡಿ, ತಿನ್ನುವವರಿಗೆ ಮೊಟ್ಟೆ, ಇವುಗಳಲ್ಲಿ ಜಾಣತನದಿಂದ ಕೂಡಿಸಿದರೆ ಹತ್ತಿರ ಬರುತ್ತದೆ. ಗೋಕಾಕದ ಕರದಂಟು ಮಾತ್ರ ಪ್ರೋಟೀನಿನ ಲೆಕ್ಕಕ್ಕೆ ಬರುವುದಿಲ್ಲ. ಅದು ಬೆಲ್ಲ, ಕೊಬ್ಬರಿ, ಅಂಟಿನ ಗಟ್ಟಿ ಇಂಧನ. ಜೋರ್ ಹಿಡಿಯುವವನಿಗೆ ಸರಿ, ಟಿವಿ ಮುಂದೆ ಕೂತವನಿಗೆ ಸಲ್ಲ.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜಕುಮಾರ್ 46ನೆಯ ವಯಸ್ಸಿನಲ್ಲಿ ತೀರಿಹೋದಾಗ ರಾಜ್ಯದಲ್ಲಿ ಜಿಮ್ಮಿನ ಬಗ್ಗೆ ಹುಟ್ಟಿದ ಭಯ ಇನ್ನೂ ಪೂರ್ತಿ ಹೋಗಿಲ್ಲ. ಬೆಂಗಳೂರಿನ ಜಯದೇವ ಆಸ್ಪತ್ರೆಯ ಮುಂದೆ ಎದೆ ತೋರಿಸಲು ಸಾಲು ನಿಂತಿತು. ಒಬ್ಬರ ಸಾವಿನಿಂದ ವ್ಯಾಯಾಮದ ಮೇಲೆ ತೀರ್ಪು ಕೊಡಲಾಗದು. ಭಯಕ್ಕೆ ಉತ್ತರ ಕೊಡುವ ಅಂಕಿ 1993ರದ್ದು. ಹೃದಯಾಘಾತವಾದ ಸಾವಿರಕ್ಕೂ ಹೆಚ್ಚು ಜನರನ್ನು ಮರ್ರೆ ಮಿಟಲ್‌ಮನ್ ತಂಡ ಅಮೆರಿಕದಲ್ಲಿ ಮಾತಾಡಿಸಿ ಲೆಕ್ಕ ಹಾಕಿತು: ವಾರಕ್ಕೊಮ್ಮೆಯೂ ಮೈ ದಂಡಿಸದವನು ಒಮ್ಮೆಲೇ ಭಾರಿ ಶ್ರಮಕ್ಕಿಳಿದರೆ ಮುಂದಿನ ಒಂದು ತಾಸಿನಲ್ಲಿ ಹೃದಯಾಘಾತದ ಅಪಾಯ 107 ಪಟ್ಟು ಏರುತ್ತದೆ, ವಾರಕ್ಕೆ ಐದು ಅಥವಾ ಹೆಚ್ಚು ಸಲ ದಂಡಿಸುವವನಲ್ಲಿ 2.4 ಪಟ್ಟು. ಮೂಲದ ಅಪಾಯ ಚಿಕ್ಕದಾದ್ದರಿಂದ 107 ಪಟ್ಟು ಎಂದರೂ ಬಹುತೇಕರಿಗೆ ಏನೂ ಆಗುವುದಿಲ್ಲ. ಆದರೆ ಹತ್ತು ವರ್ಷ ಗಾದಿಯ ಮೇಲೆ ಕೂತ ನಲವತ್ತೈದರ ವ್ಯಾಪಾರಿಯನ್ನು ಮೊದಲ ದಿನವೇ ಟ್ರೆಡ್‌ಮಿಲ್ ಮೇಲೆ ಓಡಿಸುವ ಟ್ರೈನರಿಗೆ ಈ ಅಂಕಿಯನ್ನು ಗೋಡೆಗೆ ಬರೆದು ತೋರಿಸಬೇಕು. ಅಂಥವನಿಗೆ ಮೊದಲ ಕೆಲವು ವಾರ ನಡಿಗೆ, ಹಗುರ ಭಾರ, ಸಂಶಯವಿದ್ದರೆ ಅದಕ್ಕೂ ಮೊದಲು ಡಾಕ್ಟರು.

ಇನ್ನು ಹಂಗಾಮಿನ ಸಮಸ್ಯೆ. ದೀಪಾವಳಿಯ ಆಚೀಚೆ ಕಾರ್ಖಾನೆಯ ಚಿಮಣಿ ಹೊಗೆಯಾಡಿತೆಂದರೆ ಮಾರ್ಚಿನವರೆಗೂ ಈ ಸೀಮೆಯ ಹುಡುಗರಿಗೆ ಪುರುಸೊತ್ತಿಲ್ಲ. ಕಬ್ಬಿನ ಪರ್ಮಿಟ್ಟು, ಗ್ಯಾಂಗು, ಟ್ರ್ಯಾಕ್ಟರಿನ ಸರದಿ. ಜಿಮ್ಮಿನ ಫೀ ಕಟ್ಟಿದ್ದು ಹಾಳಾಯಿತೆಂದು ಬಿಟ್ಟೇ ಬಿಡುತ್ತಾರೆ, ಏಪ್ರಿಲ್ಲಿನಲ್ಲಿ ಮತ್ತೆ ಒಂದರಿಂದ ಎಣಿಕೆ. ಹಿಕ್ಸನ್ನನ ಅಷ್ಟಾಗಿ ಹೆಸರಾಗದ ಕೆಲಸ ಇಲ್ಲಿ ನೆರವಿಗೆ ಬರುತ್ತದೆ. 1980ರ ದಶಕದ ಮೊದಲರ್ಧದಲ್ಲಿ ಅವನು, ವಾರಕ್ಕೆ 6 ದಿನ ದಂಡಿಸಿ ದಮ್ಮು ಗಳಿಸಿದವರ ದಿನಗಳನ್ನು ಕತ್ತರಿಸುತ್ತ ಹೋದ. ವಾರಕ್ಕೆ ಎರಡೇ ದಿನಕ್ಕೆ ಇಳಿಸಿದರೂ ಹದಿನೈದು ವಾರ ದಮ್ಮು ಹಾಗೇ ನಿಂತಿತು, ಆ ಎರಡು ದಿನದ ಬಿರುಸು ಮೊದಲಿನಷ್ಟೇ ಇದ್ದಾಗ. ದಿನಗಳನ್ನು ಹಾಗೇ ಇಟ್ಟು ಬಿರುಸು ತಗ್ಗಿಸಿದಾಗ ಮಾತ್ರ ಗಳಿಸಿದ್ದು ಕರಗಿತು. ಕಸುವಿನ ವಿಷಯದಲ್ಲಿ 2011ರ ಅಲಬಾಮಾದ ಅಧ್ಯಯನ ಇನ್ನೂ ಉದಾರ: ನಾಲ್ಕು ತಿಂಗಳು ಚೆನ್ನಾಗಿ ಭಾರ ಎತ್ತಿದ 20ರಿಂದ 35ರ ವಯಸ್ಸಿನವರು ಆಮೇಲೆ ವಾರಕ್ಕೆ ಒಂದೇ ದಿನ, ಮೊದಲಿನ ಒಂಬತ್ತರಲ್ಲೊಂದು ಪಾಲು ಮಾಡಿದರೂ ಎಂಟು ತಿಂಗಳ ಕಾಲ ಸ್ನಾಯುವಿನ ಗಾತ್ರ ಉಳಿಸಿಕೊಂಡರು.

ಅಂದರೆ ಹಂಗಾಮಿನಲ್ಲಿ ಟ್ರೈನರು ಹುಡುಗನಿಗೆ ಹೇಳಬೇಕಾದದ್ದು ಇಷ್ಟೇ: "ತಮ್ಮಾ, ವಾರಕ್ಕ ಎರಡ ದಿನಾ ಬಾ, ಅರ್ಧಾ ತಾಸ ಸಾಕು. ಬಂದಾಗ ಮಾತ್ರ ಜೀವ ಒಗದ ಮಾಡು." ಅದೇ ಅಲಬಾಮಾ ಅಧ್ಯಯನದಲ್ಲಿ 60ರಿಂದ 75ರ ವಯಸ್ಸಿನವರೂ ಇದ್ದರು. ವಾರಕ್ಕೊಂದು ದಿನದ ವ್ಯಾಯಾಮದಲ್ಲಿ ಅವರು ಗಳಿಸಿದ ಬಲ ಬಹುಮಟ್ಟಿಗೆ ಉಳಿಯಿತು, ಸ್ನಾಯುವಿನ ಗಾತ್ರ ಉಳಿಯಲಿಲ್ಲ. ಆದ್ದರಿಂದ ಮಗ ಹಂಗಾಮಿನ ನೆಪ ಹೇಳಿ ತಪ್ಪಿಸಿಕೊಳ್ಳಬಹುದು, ಮನೆಯಲ್ಲಿ ಖುರ್ಚಿ ಹಿಡಿದು ಎದ್ದು ಕೂರುವ ವ್ಯಾಯಾಮ ಶುರು ಮಾಡಿದ ಅವ್ವನಿಗೆ ಆ ರಜೆ ಇಲ್ಲ. ಅವಳ ವಾರದಲ್ಲಿ ಎರಡು ಮೂರು ದಿನ ಅದು ಇರಲೇಬೇಕು, ಮತ್ತು ಎದ್ದು ಕೂರುವುದು ಸುಲಭವಾದ ದಿನ ಕೈಗೆ ಎರಡು ಕಿಲೋದ ಸಕ್ಕರೆ ಚೀಲ ಕೊಡಬೇಕು.